ವೈದ್ಯಕೀಯ ಸಂಶೋಧನೆಯಲ್ಲಿ ಬೇರೆ ಬೇರೆ ಸಮುದಾಯಗಳ ಜನರನ್ನು ಸೇರಿಸಿಕೊಳ್ಳುವುದು ಏಕೆ ಅಗತ್ಯ?

ಔಷಧಕ್ಕೆ ದೇಹ ಸ್ಪಂದಿಸುವ ರೀತಿ ಕೆಲಮಟ್ಟಿಗೆ ವಂಶವಾಹಿಗಳನ್ನು ಅವಲಂಬಿಸಿರುವುದರಿಂದ, ಒಂದೇ ಜನವರ್ಗದ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ ಎಲ್ಲರಿಗೂ ಅನ್ವಯಿಸಲೇಬೇಕೆಂದಿಲ್ಲ. ನಮ್ಮಲ್ಲಿನ ಆರ್ಯವೈಶ್ಯ ಸಮುದಾಯದ ಉದಾಹರಣೆಯನ್ನೇ ನೋಡಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಶ್ವಾಸನಾಳಕ್ಕೆ ಕೊಳವೆ ಇಳಿಸಲು ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲೀನ್ ಚುಚ್ಚುಮದ್ದಿನ ಪ್ರಭಾವ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆದರೆ ಅದನ್ನು ವಿಭಜಿಸುವ ಕಿಣ್ವದ ಆನುವಂಶಿಕ ಕೊರತೆ ಈ ಸಮುದಾಯದಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುವುದರಿಂದ, ಕೊರತೆಯಿರುವ ರೋಗಿಯನ್ನು ಗಂಟೆಗಟ್ಟಲೆ ವೆಂಟಿಲೇಟರಿನಲ್ಲಿ ಇರಿಸಬೇಕಾಗಬಹುದು. ವಿಷಯ ಮೊದಲೇ ತಿಳಿದಿದ್ದರೆ ಅರಿವಳಿಕೆ ತಜ್ಞರು ಬೇರೆ ಔಷಧವನ್ನು ಆರಿಸಿಕೊಳ್ಳುತ್ತಾರೆ, ಅಷ್ಟೆ. (ಒಳಪಂಗಡದಲ್ಲೇ ಮದುವೆಗಳು ನಡೆಯುವ ಇತರ ಸಮುದಾಯಗಳಿಗೂ ಅವುಗಳದೇ ವೈಶಿಷ್ಟ್ಯಗಳಿರಬಹುದು.) ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ವಂಶವಾಹಿ ಮಾಹಿತಿ ಕಲೆಹಾಕಿರುವುದು ಈ ದಿಸೆಯಲ್ಲಿ ಒಳ್ಳೆಯ ಆರಂಭ, ಔಷಧ ಪ್ರಯೋಗಗಳಲ್ಲಿಯೂ ಇಷ್ಟೇ ವೈವಿಧ್ಯ ಇರಬೇಕೆಂಬುದು ನನ್ನ ಅಭಿಪ್ರಾಯ.