ಓದು, ಲೆಕ್ಕದಲ್ಲಿ ಮುಂದಿರುವ ಶಾಲೆಗೆ ಬಹುಮಾನ ಕೊಡುವುದು ಸರಿಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಶಿರಾ ಕಡೆಯ ನಿಮ್ಮ ಪಂಚಾಯ್ತಿಯಲ್ಲಿ 7 ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. ಹಳೇ ವಿದ್ಯಾರ್ಥಿಗಳು ಸೇರಿ 1 ಲಕ್ಷ ರೂಪಾಯಿ ಕೂಡಿಸಿದ್ದೀರಿ. ಮಾರ್ಚ್‌ನಲ್ಲಿ ಒಂದು ಪರೀಕ್ಷೆ ಇಟ್ಟು, ಓದು ಮತ್ತು ಲೆಕ್ಕದಲ್ಲಿ ಮೊದಲು ಬಂದ ಶಾಲೆಗೆ ಆ ಹಣ ಕೊಡಬೇಕೆಂದಿದ್ದೀರಿ. ಕೆಲವು ಮೇಷ್ಟ್ರುಗಳು ಬೇಡ ಅನ್ನುತ್ತಿದ್ದಾರೆ, ಏನು ಮಾಡೋಣ ಎಂದು ಕೇಳಿದ್ದೀರಿ.

ಖಂಡಿತ ಕೊಡಿ ಸರ್. ಆದರೆ ಮಾರ್ಚ್‌ನಲ್ಲಿ ಯಾರು ಮೇಲಿದ್ದಾರೆ ಅಂತ ನೋಡಿ ಕೊಡಬೇಡಿ. ಜೂನ್‌ನಲ್ಲಿ ಮಕ್ಕಳು ಎಲ್ಲಿದ್ದರು, ಮಾರ್ಚ್‌ಗೆ ಎಲ್ಲಿಗೆ ಬಂದರು ಅಂತ ನೋಡಿ ಕೊಡಿ. ಮತ್ತೆ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಒಂದು ಮಗುವನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯಿರಿ. ಇವೆರಡು ಇಲ್ಲದಿದ್ದರೆ ಹಿಂದುಳಿದ ಮಕ್ಕಳಿಗೇ ಏಟು ಬೀಳುತ್ತದೆ.

ನಾನು ಬಾಗೇಪಲ್ಲಿ ತಾಲ್ಲೂಕಿನ ಗಡಿ ಹಳ್ಳಿಯೊಂದರಲ್ಲಿ ಟೀಚರ್. 19 ವರ್ಷದ ಸರ್ವಿಸ್, ಅದರಲ್ಲಿ ಜಾಸ್ತಿ ಕಳೆದದ್ದು ನಲಿಕಲಿ ತರಗತಿಯಲ್ಲಿ, ಅಂದರೆ ಚಿಕ್ಕ ಮಕ್ಕಳು ಕಾರ್ಡು ಹಿಡಿದು ಕಲಿಯುವ ತರಗತಿ. ನಡುವೆ 3 ವರ್ಷ ಶಿಡ್ಲಘಟ್ಟ ಕಡೆ ಸಿಆರ್‌ಪಿ ಆಗಿದ್ದೆ. ಕ್ಲಸ್ಟರ್‌ನ, ಅಂದರೆ ಅಕ್ಕಪಕ್ಕದ ಊರುಗಳ ಶಾಲೆಗಳಿಗೆ ಹೋಗಿ ಮಕ್ಕಳ ಕಲಿಕೆ ನೋಡುವ ಕೆಲಸ. ಆಗ ನಡೆದದ್ದು ಒಂದನ್ನು ಹೇಳುತ್ತೇನೆ.

ಕ್ಲಸ್ಟರ್‌ನಲ್ಲಿ ಮೊದಲು ಬಂದ ಶಾಲೆಗೆ ದಾನಿಯೊಬ್ಬರು ಬಹುಮಾನ ಕೊಡುತ್ತೇನೆ ಎಂದಿದ್ದ ವರ್ಷ ಅದು. ಒಂದು ಶಾಲೆಗೆ ಮೂರನೇ ತರಗತಿಯ ಮಕ್ಕಳನ್ನು ಓದಿಸಿ ನೋಡಲು ಹೋದೆ. ಹಾಜರಿಯಲ್ಲಿ 22 ಹೆಸರು, ಕೂತಿದ್ದವರು 17. "ಹುಳ ಹಣ್ಣಾಗಿವೆ ಮೇಡಂ, ಚಂದ್ರಿಕೆಗೆ ಬಿಡುವ ಕೆಲಸ, ಮನೆಯವರು ಕಳಿಸಿಲ್ಲ" ಎಂದರು ಹೆಡ್‌ಮೇಷ್ಟ್ರು. ರೇಷ್ಮೆ ಸಾಕುವ ಊರಿನಲ್ಲಿ ಅದು ನಂಬುವಂಥ ಮಾತೇ. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟುವ ತಟ್ಟಿ. ಆ ಎರಡು ದಿನ ಮನೆಯಲ್ಲಿ ಮಕ್ಕಳು ಮುದುಕರು ಎಲ್ಲರಿಗೂ ಕೆಲಸ ಇರುತ್ತದೆ. ನಾನೂ ತಲೆಯಾಡಿಸಿದೆ. 17 ಮಕ್ಕಳೂ ಚೆನ್ನಾಗಿ ಓದಿದರು. ಬಹುಮಾನ ಈ ಶಾಲೆಗೇ ಬರಬಹುದು ಎಂದುಕೊಂಡೆ.

ಬಿಸಿಯೂಟದ ಬೆಲ್ ಆಯಿತು. ನಾನು ಜಗಲಿಯ ಮೇಲೆ ಕೂತು ಶೀಟು ತುಂಬುತ್ತಿದ್ದೆ. ಗೇಟಿನಿಂದ ಮೂರು ಮಕ್ಕಳು ತಟ್ಟೆ ಹಿಡಿದುಕೊಂಡು ಬಂದರು. ಯೂನಿಫಾರ್ಮ್ ಹಾಕಿದ್ದರು, ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು. ಸೀದಾ ಹೋಗಿ ಊಟದ ಸಾಲಿನ ಕೊನೆಗೆ ನಿಂತರು. ಒಬ್ಬನನ್ನು ಕರೆದು ಯಾವ ಕ್ಲಾಸು ಅಂದೆ. ಮೂರು ಅಂದ. ಬೆಳಿಗ್ಗೆ ಯಾಕೆ ಬರಲಿಲ್ಲ ಅಂದೆ. "ಇವತ್ತು ಊಟಕ್ಕೆ ಮಾತ್ರ ಬನ್ನಿ ಅಂದಿದ್ದರು ಮಿಸ್" ಅಂದ. ಅವನ ಮುಖದಲ್ಲಿ ಬೇಜಾರಿರಲಿಲ್ಲ, ಭಯವೂ ಇರಲಿಲ್ಲ. ಹೇಳಿದ ಹಾಗೆ ಕೇಳಿದ್ದ, ಅಷ್ಟೇ. ಹೇಳಿ ಮುಗಿಸಿ ಸಾರಿಗೆ ತಟ್ಟೆ ಒಡ್ಡಿದ.

ಆ ಹೆಡ್‌ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಇಬ್ಬರೇ ಮೇಷ್ಟ್ರು ಐದು ತರಗತಿ ನಡೆಸುತ್ತಿದ್ದ ಶಾಲೆ. ಅವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟವರು ನಾವು. ಬಂದ ಮಕ್ಕಳ ಸರಾಸರಿ ನೋಡುತ್ತೇವೆ ಅಂದರೆ, ಓದಲು ಬಾರದ ಮಗು ಮನೆಯಲ್ಲಿದ್ದಷ್ಟೂ ಶಾಲೆಗೆ ಲಾಭ. ಅದೇ 22 ಹೆಸರಿನಿಂದ ಭಾಗಿಸುತ್ತೇವೆ, ಬಾರದ ಮಗುವಿಗೆ ಸೊನ್ನೆ ಅಂದಿದ್ದರೆ, ಹೆಡ್‌ಮೇಷ್ಟ್ರೇ ಬೆಳಿಗ್ಗೆ ಆ ಐದು ಮನೆಗಳಿಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು.

ಇದನ್ನು ನಮ್ಮ ಪಕ್ಕದ ಆಂಧ್ರದಲ್ಲಿ ಸರಿಯಾಗಿ ಮಾಡಿ ನೋಡಿದ್ದಾರೆ. 2005ರಲ್ಲಿ ಶುರುವಾದ ಒಂದು ದೊಡ್ಡ ಪ್ರಯೋಗ, ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ್ದು. ಮಕ್ಕಳ ಕಲಿಕೆ ಹಿಂದಿನ ಪರೀಕ್ಷೆಗಿಂತ ಎಷ್ಟು ಏರಿತು ಎಂಬುದರ ಮೇಲೆ 200 ಸರ್ಕಾರಿ ಶಾಲೆಗಳ ಮೇಷ್ಟ್ರುಗಳಿಗೆ ಬೋನಸ್ ಕೊಟ್ಟರು. ಸರಾಸರಿ ನೋಡಿದರೆ ಅದು ವರ್ಷದ ಸಂಬಳದ ಶೇ 3ರಷ್ಟು ಮಾತ್ರ. ಮೊದಲ ಪರೀಕ್ಷೆ ಬರೆದ ಮಗು ಕೊನೆಯ ಪರೀಕ್ಷೆಗೆ ಬರದಿದ್ದರೆ, ಆ ಮಗು ಒಂದಂಶವೂ ಮುಂದೆ ಹೋಗಿಲ್ಲ ಎಂದೇ ಲೆಕ್ಕ. ಎರಡು ವರ್ಷದಲ್ಲಿ ಆ ಶಾಲೆಗಳ ಮಕ್ಕಳು ಲೆಕ್ಕದಲ್ಲೂ ಭಾಷೆಯಲ್ಲೂ ಬೇರೆ ಶಾಲೆಯವರಿಗಿಂತ ಮುಂದೆ ಬಂದರು. ಬೋನಸ್ಸೇ ಇರದ ವಿಜ್ಞಾನ, ಸಮಾಜದಲ್ಲೂ ಮುಂದಿದ್ದರು. ಓದಲು ಬಂದ ಮಗು ಎಲ್ಲ ಪುಸ್ತಕವನ್ನೂ ಓದುತ್ತದೆ ಅಲ್ವಾ. ಮೇಷ್ಟ್ರುಗಳ ರಜೆ ಏನೂ ಕಡಿಮೆಯಾಗಲಿಲ್ಲ. ಬಂದ ದಿನ ಜಾಸ್ತಿ ಪಾಠ ಮಾಡಿದರು, ಬೆಲ್ ಆದ ಮೇಲೂ ಮಕ್ಕಳನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸಿದರು.

ಹಾಗಾಗಿ ಬಹುಮಾನದಿಂದ ಏನೂ ಆಗುವುದಿಲ್ಲ ಅನ್ನುವ ಮೇಷ್ಟ್ರುಗಳ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ರಾಜ್ಯದಲ್ಲೇ 2002ರಲ್ಲಿ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಕಲಿಕಾ ಖಾತರಿ ಕಾರ್ಯಕ್ರಮ ಮಾಡಿದ್ದವು, ಈಗಿನ ಕಲ್ಯಾಣ ಕರ್ನಾಟಕದ ಕಡೆ. ನಮ್ಮನ್ನು ಪರೀಕ್ಷಿಸಿ ಎಂದು ಶಾಲೆಗಳೇ ಹೆಸರು ಕೊಡಬೇಕಿತ್ತು. ದಾಖಲಾತಿ, ಹಾಜರಾತಿ, ಕಲಿಕೆ ಮೂರನ್ನೂ ನೋಡುತ್ತಿದ್ದರು. ಮೊದಲ ವರ್ಷ ಗೆದ್ದ ಶಾಲೆಗಳು ತೀರಾ ಕಡಿಮೆ. ಆದರೂ ಸರ್ಕಾರಿ ಶಾಲೆಯವರು ತಾವಾಗಿ ಬಂದು ಪರೀಕ್ಷೆಗೆ ನಿಂತರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಎಲ್ಲಿಂದ ಹೊರಟರು ಅನ್ನುವ ವಿಷಯ. ನಮ್ಮ ಬಾಗೇಪಲ್ಲಿ, ಶ್ರೀನಿವಾಸಪುರ, ನಿಮ್ಮ ಪಾವಗಡ, ಇಲ್ಲೆಲ್ಲ ಎಷ್ಟೋ ಮನೆಯ ಮಾತು ತೆಲುಗು. ಆರು ವರ್ಷದ ಮಗು ಶಾಲೆಗೆ ಬಂದಾಗ ಕನ್ನಡ ಅದಕ್ಕೆ ಹೊಸ ಭಾಷೆ. ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳ ಮುಂದೆ, ಬಂದಿದ್ದ ಪರೀಕ್ಷಕರು 'ಮರ' ಎಂಬ ಪದದ ಕಾರ್ಡು ಇಟ್ಟರು. ಅವಳು ಬೆರಳಿಟ್ಟು ನಿಧಾನವಾಗಿ ನೋಡಿದಳು. ತುಟಿಯಲ್ಲೇ ಮ, ರ ಎಂದುಕೊಂಡಳು. ಆಮೇಲೆ ಮುಖ ಅರಳಿಸಿ "ಚೆಟ್ಟು!" ಅಂದಳು. ಪರೀಕ್ಷಕರು ತಪ್ಪು ಎಂದು ಗುರುತು ಹಾಕಿದರು. ಅಕ್ಷರ ಓದಿ, ಅರ್ಥ ಹಿಡಿದು, ತನ್ನ ಮನೆ ಮಾತಿಗೆ ತಂದುಕೊಂಡಿದ್ದಳು ಆ ಮಗು. ಓದು ಎಂದರೆ ಅದೇ ತಾನೇ? ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ನಿಮ್ಮ ಕಡೆ ಗೊಲ್ಲರಹಟ್ಟಿಗಳು ಜಾಸ್ತಿ. ಕುರಿ ಹಿಂದೆ ತಿಂಗಳುಗಟ್ಟಲೆ ಹೋಗುವ ಮನೆಯ ಮಕ್ಕಳು ಒಂದು ಶಾಲೆಯಲ್ಲಿ, ಅಪ್ಪ ಅಮ್ಮ ಓದಿಕೊಂಡಿರುವ ಮನೆಯ ಮಕ್ಕಳು ಇನ್ನೊಂದರಲ್ಲಿ. ಮಾರ್ಚ್‌ನಲ್ಲಿ ಒಂದೇ ಗೆರೆ ಎಳೆದು ಅಳೆದರೆ ಯಾವ ಶಾಲೆ ಗೆಲ್ಲುತ್ತದೆ ಅಂತ ಇವತ್ತೇ ಹೇಳಬಹುದು. ಸೋಲುವ ಶಾಲೆಯ ಮೇಷ್ಟ್ರಿಗೂ ಅದು ಗೊತ್ತು. ಬೇಡ ಅನ್ನುತ್ತಿರುವವರು ಆ ಶಾಲೆಗಳವರಾ ಅಂತ ಒಮ್ಮೆ ವಿಚಾರಿಸಿ. ಚಿಲಿ ದೇಶದಲ್ಲಿ 1996ರಿಂದ ಶಾಲೆಗಳಿಗೆ ಇಂಥ ಬಹುಮಾನ ಕೊಡುತ್ತಿದ್ದಾರೆ. ಅಲ್ಲಿ ಬಡ ಮಕ್ಕಳ ಶಾಲೆಯನ್ನು ಅಂಥದ್ದೇ ಶಾಲೆಗಳ ಜೊತೆ ಮಾತ್ರ ಹೋಲಿಸುತ್ತಾರೆ. ನಿಮ್ಮ 7 ಶಾಲೆಗಳಲ್ಲಿ ಅಷ್ಟೆಲ್ಲ ಗುಂಪು ಮಾಡುವುದು ಕಷ್ಟ. ಜೂನ್‌ನಿಂದ ಮಾರ್ಚ್‌ಗೆ ಎಷ್ಟು ಏರಿದರು ಅಂತ ನೋಡಿದರೆ ಸಾಕು.

ಪರೀಕ್ಷೆ ಹೇಗಿರಬೇಕು ಅಂದರೆ, ಬರೆಸುವ ಪರೀಕ್ಷೆ ಬೇಡವೇ ಬೇಡ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಅಕ್ಷರ, ಪದ, ನಾಲ್ಕು ಸಾಲು, ಆಮೇಲೆ ಒಂದು ಪುಟ್ಟ ಕಥೆ. ಎಲ್ಲಿಯವರೆಗೆ ಬರುತ್ತದೋ ಅದೇ ಆ ಮಗುವಿನ ಹಂತ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2005ರಿಂದ ಹೀಗೇ ಮಾಡುತ್ತಿದೆ. ಅವರು ಹಳ್ಳಿಯಲ್ಲಿ ಮಕ್ಕಳ ಮನೆಗೇ ಹೋಗಿ ಓದಿಸುತ್ತಾರೆ, ಹಾಗಾಗಿ ಶಾಲೆಗೆ ಬಾರದ ಮಗುವೂ ಸಿಗುತ್ತದೆ. ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದೂ ಆಗಲೇ ಕಾಣುವುದು. ನಮ್ಮಲ್ಲಿ ಹೆಚ್ಚಿನವರು ಕಾಗುಣಿತ ದಾಟಿ ಒತ್ತಕ್ಷರದಲ್ಲಿ ನಿಲ್ಲುತ್ತಾರೆ. 'ಅಜ್ಜಿ' ಅನ್ನುವುದನ್ನು 'ಅಜಿಜ' ಅಂತ ಓದುವ ಮಗುವಿಗೆ ಇನ್ನು ಎರಡು ವಾರದ ಕೆಲಸ ಸಾಕು. ಅಕ್ಷರವೇ ಬಾರದ ಮಗುವಿಗೆ ಬೇಕಾಗಿರುವುದೇ ಬೇರೆ. ಬರೆಸುವ ಪರೀಕ್ಷೆಯಲ್ಲಿ ಇಬ್ಬರಿಗೂ ಸೊನ್ನೆ.

ಲೆಕ್ಕದಲ್ಲೂ ಅಷ್ಟೇ. ನಾಲ್ಕನೇ ತರಗತಿಯ ಒಬ್ಬ ಹುಡುಗ ಹಾಳೆಯ ಮೇಲೆ 50ರಲ್ಲಿ 27 ಕಳೆದು 37 ಎಂದು ಬರೆದಿದ್ದ. ಕೇಳಿದರೆ "ಸೊನ್ನೆಯಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಸೊನ್ನೆ ತೆಗೆದೆ" ಅಂದ. ಸಾಯಂಕಾಲ ಅವನ ಅಜ್ಜಿಯ ಅಂಗಡಿಗೆ ಹೋದೆ. ಅವನೇ ಕೂತಿದ್ದ. 27 ರೂಪಾಯಿ ಸಾಮಾನು ತಗೊಂಡು 50ರ ನೋಟು ಕೊಟ್ಟೆ. ಒಂದು ಕ್ಷಣವೂ ಯೋಚಿಸದೆ 23 ರೂಪಾಯಿ ಎಣಿಸಿ ಕೊಟ್ಟ. ಅವನಿಗೆ ಕಳೆಯುವುದು ಬರುತ್ತದೆ, ದಶಕ ಸಹಿತ ವ್ಯವಕಲನ ಅಂತ ನಾವು ಬೋರ್ಡಿನ ಮೇಲೆ ಮಾಡಿಸುವುದು ಮಾತ್ರ ಬರುವುದಿಲ್ಲ. ಮರುದಿನ ಬೋರ್ಡಿನ ಮುಂದೆ ನೋಟು ಚಿಲ್ಲರೆ ಇಟ್ಟುಕೊಂಡು ಕೂತೆವು. ಮೂರೇ ದಿನಕ್ಕೆ ಹಿಡಿದುಕೊಂಡ.

ಒಂದು ಮಾತು ನೆನಪಿರಲಿ, ಗಡಿಯಾರ ಹಿಡಿದು ಓದಿಸಬೇಡಿ. 2021ರ ಜುಲೈಯಲ್ಲಿ ಶುರುವಾದ, ಮಕ್ಕಳಿಗೆ ಓದು ಲೆಕ್ಕ ಕಲಿಸುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ 60 ಪದ ಅರ್ಥ ತಿಳಿದು ಓದಬೇಕು ಎಂಬ ಗುರಿ ಇದೆ. ಗುರಿ ಒಳ್ಳೆಯದೇ. ಆದರೆ ನಮ್ಮ ಕನ್ನಡದ ಪದಗಳು ಉದ್ದ, 'ಮನೆಯಲ್ಲಿದ್ದಾಳಂತೆ' ಅನ್ನುವುದು ಒಂದೇ ಪದ ನೋಡಿ. ಪದ ಎಣಿಸಿ ಬಹುಮಾನ ಕೊಟ್ಟರೆ ಮಕ್ಕಳು ಅರ್ಥ ಬಿಟ್ಟು ಓಡಲು ಕಲಿಯುತ್ತಾರೆ. ಓದಿದ ಮೇಲೆ ಕಥೆಯಲ್ಲಿ ಏನಾಯಿತು ಅಂತ ಕೇಳಿ. ಉತ್ತರ ತೆಲುಗಿನಲ್ಲಿ ಬಂದರೂ ಒಪ್ಪಿಕೊಳ್ಳಿ.

ಆಯಾ ಶಾಲೆಯ ಮೇಷ್ಟ್ರೇ ಅಂಕ ಕೊಡುವುದಂತೂ ಬೇಡ. ನಮ್ಮ ಎಸ್‌ಎಸ್‌ಎಲ್‌ಸಿಯನ್ನೇ ನೋಡಿ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾಗಲು ಸಾಧ್ಯವೇ? ನಿಮ್ಮ ಊರಿನಲ್ಲಿ ಡಿ.ಇಡಿ, ಬಿ.ಇಡಿ ಓದುತ್ತಿರುವ ಹುಡುಗ ಹುಡುಗಿಯರು ಸಿಗುತ್ತಾರೆ. ಅವರಿಗೆ ಒಂದು ದಿನ ತರಬೇತಿ ಕೊಟ್ಟು, ತಮ್ಮೂರಿನ ಶಾಲೆ ಬಿಟ್ಟು ಬೇರೆ ಶಾಲೆಗೆ ಕಳಿಸಿ.

ಈಗ ಹಣದ ಮಾತು. ಎಲ್ಲವನ್ನೂ ಒಂದೇ ಶಾಲೆಗೆ, ಒಂದೇ ಸಲ ಕೊಡಬೇಡಿ. ಬ್ರೆಜಿಲ್‌ನ ಸೆಅರಾ ಎಂಬ ಬಡ ರಾಜ್ಯದಲ್ಲಿ 2009ರಿಂದ ಒಂದು ಪದ್ಧತಿ ಇದೆ, ನನಗೆ ತುಂಬಾ ಹಿಡಿಸಿದ್ದು. ಚೆನ್ನಾಗಿ ಓದಿಸಿದ 150 ಶಾಲೆಗಳವರೆಗೆ ಬಹುಮಾನ. ಆದರೆ ಗೆದ್ದ ಪ್ರತಿ ಶಾಲೆಯೂ ಹಿಂದುಳಿದ ಒಂದು ಶಾಲೆಗೆ ಜೊತೆಯಾಗಬೇಕು. ಬಹುಮಾನದ ಮುಕ್ಕಾಲು ಪಾಲು ಮೊದಲು ಸಿಗುತ್ತದೆ. ಉಳಿದ ಕಾಲು ಪಾಲು ಸಿಗುವುದು ಆ ಜೊತೆ ಶಾಲೆ ಮೇಲೆ ಬಂದ ಮೇಲೆ. ಹಿಂದುಳಿದ ಶಾಲೆಗೂ ಹಣ ಹೋಗುತ್ತದೆ.

ಮೇಷ್ಟ್ರುಗಳು ಕಲಿಯುವುದು ಹೀಗೇ ಸರ್, ಇನ್ನೊಂದು ತರಗತಿಯನ್ನು ಕಣ್ಣಾರೆ ನೋಡಿ. ನಮ್ಮ ನಲಿಕಲಿ ಹುಟ್ಟಿದ್ದೂ ಹಾಗೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಮೇಷ್ಟ್ರುಗಳು ನಮ್ಮ ಗಡಿಯಾಚೆ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದರು. ತಮ್ಮ ತರಗತಿಗೆ ಬೇಕಾದ ಹಾಗೆ ತಾವೇ ಕಾರ್ಡು ಬರೆದರು. ಆಮೇಲೆ ಅದು ಇಡೀ ರಾಜ್ಯಕ್ಕೆ ಬಂತು.

ನಾನಾಗಿದ್ದರೆ ನಿಮ್ಮ 1 ಲಕ್ಷವನ್ನು ಹೀಗೆ ಹಂಚುತ್ತಿದ್ದೆ. ಜಾಸ್ತಿ ಏರಿದ ಎರಡು ಶಾಲೆಗೆ ತಲಾ 30 ಸಾವಿರ, ಅದರಲ್ಲಿ 10 ಸಾವಿರ ಮುಂದಿನ ವರ್ಷಕ್ಕೆ, ಜೊತೆ ಶಾಲೆಯ ಮಕ್ಕಳು ಮುಂದೆ ಬಂದ ಮೇಲೆ. ಕೆಳಗಿರುವ ಎರಡು ಶಾಲೆಗೆ ತಲಾ 20 ಸಾವಿರ, ಕಥೆ ಪುಸ್ತಕ, ಕಾರ್ಡು, ಮೇಷ್ಟ್ರುಗಳ ಓಡಾಟಕ್ಕೆ. ಹಣ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಹೋಗಲಿ. ಆಂಧ್ರದ ಪ್ರಯೋಗದಲ್ಲಿ ಐದು ವರ್ಷ ಗಟ್ಟಿಯಾಗಿ ನಿಂತದ್ದು ಒಬ್ಬೊಬ್ಬ ಮೇಷ್ಟ್ರಿಗೆ ಕೊಟ್ಟ ಬೋನಸ್, ಇಡೀ ಶಾಲೆಗೆ ಕೊಟ್ಟದ್ದರ ಫಲ ಕಾಲಕ್ರಮೇಣ ಇಳಿಯಿತು. ಅದು ಗೊತ್ತಿದ್ದೂ ನಾನು ಶಾಲೆಗೇ ಕೊಡಿ ಅನ್ನುತ್ತೇನೆ. ಇಬ್ಬರೇ ಮೇಷ್ಟ್ರು ಇರುವ ಶಾಲೆಯಲ್ಲಿ ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಮರುದಿನದಿಂದ ಆ ಇಬ್ಬರ ನಡುವೆ ಮಾತು ನಿಲ್ಲುತ್ತದೆ. ಮಕ್ಕಳ ಗತಿ ಏನು?

ಒಂದೇ ಅವಸರ ಇರುವುದು ಶುರು ಮಾಡುವುದಕ್ಕೆ. ಶಾಲೆ ತೆರೆದು ಮೂರನೇ ವಾರದೊಳಗೆ ಮೊದಲ ಓದು ಮುಗಿಸಿಬಿಡಿ. ಜುಲೈ ದಾಟಿದರೆ ಮಕ್ಕಳು ಎಲ್ಲಿಂದ ಹೊರಟರು ಅನ್ನುವುದೇ ಸಿಗುವುದಿಲ್ಲ. 7 ಶಾಲೆ, ಎರಡರಿಂದ ಐದನೇ ತರಗತಿ, ಮಗುವಿಗೆ ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಹೋಗುವ ಹುಡುಗರಿಗೆ ಹೇಳಿ, ಆ ದಿನ ಬಾರದ ಮಕ್ಕಳ ಹೆಸರು ಬರೆದುಕೊಂಡು, ಸಾಯಂಕಾಲ ಆ ಮನೆಗಳಿಗೂ ಹೋಗಿಬರಲಿ.