ಎರಡು ವರ್ಷವಾದರೂ ಮಾತು ಬಂದಿಲ್ಲ, ಕಾಯಬೇಕಾ?

ಮಗನಿಗೆ ಎರಡು ವರ್ಷ ತುಂಬಿತು, ಅಮ್ಮ, ಅಪ್ಪ ಬಿಟ್ಟರೆ ಬೇರೆ ಮಾತಿಲ್ಲ, ಮನೆಯಲ್ಲಿ ಎಲ್ಲರೂ ಗಂಡು ಮಕ್ಕಳಿಗೆ ಮಾತು ತಡ ಅಂತಾರೆ, ಕಾಯಬೇಕಾ ಅಂತ ಕೇಳಿದ್ದೀರಿ. ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ನಾವು ಕಾದೆವು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದಳು, ತೂಕ ಒಂದೂವರೆ ಕೆಜಿಯೂ ಇರಲಿಲ್ಲ, ಕಾಮಾಲೆ ಜಾಸ್ತಿಯಾಗಿ 18 ದಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇದ್ದಳು. ನನ್ನ ಮದುವೆ ಆಗಿದ್ದು ಸೋದರಮಾವನ ಮಗನ ಜೊತೆ. ಇವೆಲ್ಲ ಕಿವಿಗೆ, ಅದರಿಂದ ಮಾತಿಗೆ, ತೊಂದರೆ ತರಬಹುದು ಅಂತ ಡಿಸ್ಚಾರ್ಜ್ ದಿನ ಯಾರೂ ಬಿಡಿಸಿ ಹೇಳಲಿಲ್ಲ.

ಕುಕ್ಕರ್ ಕೂಗಿದರೆ ತಿರುಗುತ್ತಿದ್ದಳು, ಸ್ಟೀಲ್ ತಟ್ಟೆ ಬಿದ್ದರೆ ಬೆಚ್ಚುತ್ತಿದ್ದಳು, ಹಾಗಾಗಿ ಕಿವಿ ಚೆನ್ನಾಗಿದೆ ಅಂದುಕೊಂಡೆವು. ಅತ್ತೆ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಎರಡೂವರೆ ವರ್ಷಕ್ಕೆ ಮೈಸೂರಿನ ಆಯಿಷ್‌ಗೆ (ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ) ಕರೆದುಕೊಂಡು ಹೋದಾಗ, ಮಲಗಿಸಿ ತಲೆಗೆ ವೈರ್ ಅಂಟಿಸಿ ಬೇರಾ (BERA) ಅನ್ನೋ ಕಿವಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಮಂದ. ದೊಡ್ಡ ಸದ್ದು ಕೇಳಿಸುತ್ತಿತ್ತು, ನಾವು ಆಡುವ ಮಾತು ಮಾತ್ರ ತುಂಡುತುಂಡಾಗಿ ಹೋಗುತ್ತಿತ್ತು. ಕಿವಿಗೆ ಕೇಳಿಸೋ ಮಷೀನು ಹಾಕಿಸಿದ ದಿನ ನಾನು ಬ್ರೆಡ್ ಕವರ್ ಬಿಚ್ಚಿದೆ, ಆ ಸರಸರ ಸದ್ದಿಗೆ ಆಟ ಬಿಟ್ಟು ತಿರುಗಿ ನೋಡಿದಳು. ಅಷ್ಟು ದಿನ ಇದೂ ಕೇಳಿಸುತ್ತಿರಲಿಲ್ಲ ಅಲ್ವಾ ಅಂತ ಅಲ್ಲೇ ಅತ್ತುಬಿಟ್ಟೆ.

ಗಂಡು ಮಕ್ಕಳು ಸ್ವಲ್ಪ ತಡ ಅನ್ನೋದು ನಿಜ. ಆದರೆ ಎರಡು ವರ್ಷಕ್ಕೆ ಸುಮಾರು 50 ಪದ, "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಜೋಡಿಸೋದು ಇರಬೇಕು. ನಿಮ್ಮಿಬ್ಬರ ಮನೆ ಕಡೆ ಯಾರಿಗಾದರೂ ಮಾತು ತಡವಾಗಿತ್ತಾ, ಮಗುವಿಗೆ ಪದೇಪದೇ ಕಿವಿ ಸೋರುತ್ತಾ, ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಕರೆದರೆ ಮುಖ ನೋಡುತ್ತಾನಾ ಅನ್ನೋದೂ ಮುಖ್ಯ. ಬಂದ ಮಾತು ನಿಂತುಹೋಗಿದ್ದರಂತೂ ಒಂದು ದಿನವೂ ತಡ ಮಾಡಬೇಡಿ. ಊಟ ಮಾಡಿಸಲು ಮೊಬೈಲ್ ಕೊಡುತ್ತಿದ್ದರೆ ನಿಲ್ಲಿಸಿ, ಆ ಹೊತ್ತಲ್ಲಿ ನೀವೇ ಮಾತಾಡಿ. ಮನೆಯಲ್ಲಿ ಎರಡು ಭಾಷೆ ಇದ್ದರೆ ಅದಕ್ಕೆ ಹೆದರಬೇಡಿ, ಅದರಿಂದ ಮಾತು ತಡವಾಗಲ್ಲ.

ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಬಸ್ಸಿನಲ್ಲಿ ಮಲಗಲು ಬಿಡಬೇಡಿ, ಬೇರಾ ಮಾಡೋ ಹೊತ್ತಿಗೆ ಮಗುವಿಗೆ ಗಾಢ ನಿದ್ದೆ ಬೇಕು, ಇಲ್ಲದಿದ್ದರೆ ಮತ್ತೊಂದು ದಿನ ಬನ್ನಿ ಅಂತಾರೆ.