ಇಂಗ್ಲಿಷ್ ಪ್ರಶ್ನೋತ್ತರ: ‘ಡಿಡ್’ ಬಂದಮೇಲೆ ‘ವೆಂಟ್’ ಬೇಡ

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಗೋ–ವೆಂಟ್–ಗಾನ್ ಪಟ್ಟಿ ಬಾಯಿಪಾಠ ಇದೆ. ಆದರೂ ಮಾತಾಡುವಾಗ ‘ವೇರ್ ಡಿಡ್ ಯು ವೆಂಟ್?’ ಎಂದೇ ಬಾಯಿಗೆ ಬರುತ್ತದೆ. ಏನು ಮಾಡಲಿ?
– ಪದವಿ ವಿದ್ಯಾರ್ಥಿನಿ, ಹಾವೇರಿ

ಈ ತಪ್ಪಿನ ಬೇರು ಕನ್ನಡದಲ್ಲೇ ಇದೆ, ಅದಕ್ಕೆ ಮದ್ದೂ ಕನ್ನಡದಲ್ಲೇ ಇದೆ. ‘ಹೋದೆ’ ಎಂಬುದನ್ನು ಪ್ರಶ್ನೆ ಮಾಡಬೇಕಾದರೆ ನಾವು ‘ಹೋದೆಯಾ?’ ಎನ್ನುತ್ತೇವೆ. ‘ಹೋದೆ’ ಹಾಗೇ ಉಳಿದು ಕೊನೆಗೊಂದು ‘ಆ’ ಸೇರುತ್ತದೆ, ಅಷ್ಟೇ. ಆ ಅಭ್ಯಾಸದಿಂದಲೇ ‘ವೆಂಟ್’ ಅನ್ನು ಮುಟ್ಟದೆ ಮುಂದೆ ‘ಡಿಡ್’ ಸೇರಿಸಿಬಿಡುತ್ತೀರಿ. ಈಗ ‘ಇಲ್ಲ’ ಸೇರಿಸಿ ನೋಡಿ. ‘ಹೋದಲಿಲ್ಲ’ ಎಂದು ಯಾರಾದರೂ ಅನ್ನುತ್ತಾರೆಯೇ? ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋದ’ ಮತ್ತೆ ‘ಹೋಗು’ಗೆ ಮರಳುತ್ತದೆ, ಕಾಲದ ಭಾರವನ್ನು ‘ಅಲಿಲ್ಲ’ ಹೊರುತ್ತದೆ. ಇಂಗ್ಲಿಷಿನಲ್ಲಿ ಆ ಭಾರ ಹೊರುವುದು ‘ಡಿಡ್’. ಆದ್ದರಿಂದ ‘ಐ ಡಿಡ್ ನಾಟ್ ಗೋ’, ‘ವೇರ್ ಡಿಡ್ ಯು ಗೋ?’ ಸರಿ. ‘ಡಿಡ್ ವೆಂಟ್’ ಕಿವಿಗೆ ‘ಹೋದಲಿಲ್ಲ’ದಂತೆ ಕೇಳಿಸತೊಡಗಿದರೆ ಅರ್ಧ ಕೆಲಸ ಮುಗಿದಂತೆ.

ಪಟ್ಟಿ ಒಪ್ಪಿಸುವುದರಿಂದ ಇದು ಬರುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ವಾಕ್ಯವೇ ಇಲ್ಲ. ಗೋ, ಕಮ್, ಈಟ್, ಸೀ, ಟೇಕ್, ಗಿವ್, ರೈಟ್, ಬೈ, ಬ್ರಿಂಗ್, ಟೆಲ್ ಎಂಬ ಹತ್ತು ಕ್ರಿಯಾಪದ ತೆಗೆದುಕೊಳ್ಳಿ. ಒಂದೊಂದಕ್ಕೆ ಮೂರು ವಾಕ್ಯ: ‘ಶಿ ಕೇಮ್’, ‘ಶಿ ಡಿಡಂಟ್ ಕಮ್’, ‘ಡಿಡ್ ಶಿ ಕಮ್?’. ಒಟ್ಟು 30 ವಾಕ್ಯವನ್ನು ಗಟ್ಟಿಯಾಗಿ ಹೇಳಿ. 10 ನಿಮಿಷವೂ ಬೇಡ. ಒಂದು ವಾರ ಇದನ್ನೇ ಮಾಡಿ, ಬೇರೆ ನಿಯಮ ಮುಟ್ಟಬೇಡಿ. ಎರಡನೇ ವಾರ ವರ್ತಮಾನಕಾಲಕ್ಕೆ ಬನ್ನಿ. ಅಲ್ಲಿಯೂ ಇದೇ ಲೆಕ್ಕ: ‘ಹಿ ಗೋಸ್’ನ ‘ಸ್’ ಅನ್ನು ‘ಡಸ್’ ಕಿತ್ತುಕೊಳ್ಳುತ್ತದೆ, ‘ಡಸ್ ಹಿ ಗೋ?’ ಉಳಿಯುತ್ತದೆ.

ಅಭ್ಯಾಸದಲ್ಲಿ ಎರಡು ಕಡೆ ಎಡವುತ್ತೀರಿ. ‘ಬಾಟ್’ ಮತ್ತು ‘ಬ್ರಾಟ್’ ಅದಲುಬದಲಾಗುತ್ತವೆ. ‘ಬ್ರಿಂಗ್’ನಲ್ಲಿ ರಕಾರವಿದೆ, ‘ಬ್ರಾಟ್’ನಲ್ಲೂ ಇದೆ ಎಂದು ನೆನಪಿಡಿ. ಇನ್ನೊಂದು, ‘ಯಾರು ಬಂದರು?’ ಎಂಬಂತೆ ಪ್ರಶ್ನೆಯ ಪದವೇ ಕರ್ತೃವಾದಾಗ ‘ಡಿಡ್’ ಬೇಡ: ‘ಹೂ ಕೇಮ್?’

‘ಎ’ ಎಲ್ಲಿ, ‘ಆ್ಯನ್’ ಎಲ್ಲಿ? ಎ, ಇ, ಐ, ಓ, ಯು ಅಕ್ಷರಗಳ ಮುಂದೆ ‘ಆ್ಯನ್’ ಎಂದು ಕಲಿತಿದ್ದೆ. ಮಗಳ ಪುಸ್ತಕದಲ್ಲಿ ‘ಎ ಯೂನಿವರ್ಸಿಟಿ’ ಎಂದಿದೆ.
– ಗೃಹಿಣಿ, ಶಿರಸಿ

ಪುಸ್ತಕದಲ್ಲಿರುವುದೇ ಸರಿ. ಇಂಗ್ಲಿಷ್ ಅಕ್ಷರ ನೋಡಬೇಡಿ, ಉಚ್ಚಾರ ಕೇಳಿ. ನಮಗೆ ಇಲ್ಲಿ ಒಂದು ಅನುಕೂಲವಿದೆ: ಪದವನ್ನು ಕನ್ನಡದಲ್ಲಿ ಬರೆದುಬಿಡಿ. ಮೊದಲಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ‘ಯೂನಿವರ್ಸಿಟಿ’ ಯಕಾರದಿಂದ ಶುರು, ಹಾಗಾಗಿ ‘ಎ’. ಗಂಟೆಗೆ ಹೇಳುವ ‘ಅವರ್’ ಬರೆಯುವಾಗ ಎಚ್ ಇದ್ದರೂ ಅಕಾರದಿಂದ ಶುರು, ‘ಆ್ಯನ್ ಅವರ್’. ‘ಆ್ಯನ್ ಎಂ.ಎಲ್.ಎ.’, ‘ಎ ವನ್ ರುಪೀ ಕಾಯಿನ್’ ಕೂಡ ಹೀಗೇ. ಒಂದೇ ಎಚ್ಚರ: ‘ಎಗ್’ ಅನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಎನ್ನುವ ರೂಢಿ ನಮ್ಮಲ್ಲಿದೆ. ಹಾಗೆ ಬರೆದರೆ ಲೆಕ್ಕ ತಪ್ಪುತ್ತದೆ; ಅದು ‘ಆ್ಯನ್ ಎಗ್’.

‘ದ’ ಬಗ್ಗೆ ನೀವು ಕೇಳಿಲ್ಲ, ಆದರೂ ಮಗಳು ಕೇಳಿಯಾಳು. ‘ಪೆನ್ನು ತಗೊಂಡೆ’ ಎಂದರೆ ಯಾವುದೋ ಒಂದು ಪೆನ್ನು; ‘ಪೆನ್ನನ್ನು ತಗೊಂಡೆ’ ಎಂದರೆ ಸಾಮಾನ್ಯವಾಗಿ ಕೇಳುವವರಿಗೆ ಗೊತ್ತಿರುವ ಪೆನ್ನು. ಮೊದಲನೆಯದು ‘ಎ ಪೆನ್’, ಎರಡನೆಯದು ‘ದ ಪೆನ್’. ಎಲ್ಲ ಕಡೆಗೂ ಈ ಸೂತ್ರ ಸಾಲದು, ಶುರು ಮಾಡಲು ಸಾಕು.

ದಿನಕ್ಕೆ 20 ಹೊಸ ಪದ ಬರೆದುಕೊಳ್ಳುತ್ತೇನೆ. ಓದಿದರೆ ಅರ್ಥವಾಗುತ್ತದೆ, ಮಾತಿಗೆ ಬರುವುದಿಲ್ಲ.
– ಅಂಗಡಿ ಮಾಲೀಕರು, ತಿಪಟೂರು

20 ಬಹಳವಾಯಿತು, 5 ಸಾಕು. ಒಂಟಿ ಪದ ಬರೆಯಬೇಡಿ, ಜೊತೆಗಾರ ಪದದೊಂದಿಗೆ ಬರೆಯಿರಿ. ಕನ್ನಡದಲ್ಲಿ ‘ಮಾಡು’ ಎಂಬ ಒಂದೇ ಪದ ಎಲ್ಲವನ್ನೂ ನಿಭಾಯಿಸುತ್ತದೆ: ಊಟ ಮಾಡು, ಸ್ನಾನ ಮಾಡು, ತಪ್ಪು ಮಾಡು, ವ್ಯಾಪಾರ ಮಾಡು. ಇಂಗ್ಲಿಷಿನಲ್ಲಿ ಅವು ‘ಹ್ಯಾವ್ ಲಂಚ್’, ‘ಟೇಕ್ ಎ ಬಾತ್’, ‘ಮೇಕ್ ಎ ಮಿಸ್ಟೇಕ್’, ‘ಡು ಬಿಸಿನೆಸ್’. ‘ಮಿಸ್ಟೇಕ್’ ಗೊತ್ತಿದ್ದೂ ‘ಡು’ ಅನ್ನಲೋ ‘ಮೇಕ್’ ಅನ್ನಲೋ ಎಂದು ತಡವರಿಸುವುದರಿಂದಲೇ ಮಾತು ನಿಲ್ಲುವುದು. ನೋಟ್‌ಬುಕ್ಕಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದು, ಬಲಭಾಗ ಮುಚ್ಚಿ, ಕನ್ನಡ ನೋಡಿ ಇಂಗ್ಲಿಷ್ ಹೇಳಿ. ಮರುದಿನ, ಮೂರನೇ ದಿನ, ಏಳನೇ ದಿನ ಮತ್ತೆ ಹೇಳಿ. ತಪ್ಪಿದ್ದಕ್ಕೆ ಚುಕ್ಕೆ ಇಟ್ಟು ಮರುದಿನದ ಐದರಲ್ಲಿ ಸೇರಿಸಿಕೊಳ್ಳಿ.

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪೇ?
– ಓದುಗರು, ಕಲಬುರಗಿ

ತಪ್ಪು. ಇರುವುದನ್ನು ಹೇಳುವಾಗ ‘ಐ ಹ್ಯಾವ್’ ಸಾಕು. ‘ನೋ’ (ಗೊತ್ತು), ‘ವಾಂಟ್’ (ಬೇಕು) ಪದಗಳಿಗೂ ‘ಇಂಗ್’ ಹಚ್ಚಬೇಡಿ. ಊಟ ನಡೆಯುತ್ತಿದ್ದರೆ ಮಾತ್ರ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎನ್ನಬಹುದು.